ಕೆಟ್ಟ ಕಡತವೂ ಕಾಪಾಡುವ ಪ್ರತಿಯೂ



ನಮ್ಮ ಹೆಣ್ಣುಮಕ್ಕಳು ಶಾಲೆಯಲ್ಲಿ ಕಲಿತ ಲೆಕ್ಕವು ಅವರನ್ನು ಬಾಳಿನುದ್ದಕ್ಕೂ ಹಿಂಬಾಲಿಸುವುದು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಕೊಂಡು ನೂಲು ತೆಗೆಸುವ ಮನೆಯಲ್ಲಿ ಕೂಲಿಯ ಲೆಕ್ಕ, ಚಿಂತಾಮಣಿಯ ಮಂಡಿಯಲ್ಲಿ ಆವಕದ ಲೆಕ್ಕ, ಚಿಕ್ಕಬಳ್ಳಾಪುರದ ತೋಟದಲ್ಲಿ ದ್ರಾಕ್ಷಿಯ ಮತ್ತು ಹೂವಿನ ಲೆಕ್ಕ, ಗೌರಿಬಿದನೂರಿನ ಕಡೆಯ ಹಳ್ಳಿಯಲ್ಲಿ ಸ್ತ್ರೀಯರ ಉಳಿತಾಯ ಸಂಘದ ಲೆಕ್ಕ, ಹೀಗೆ ಒಂದಲ್ಲ ಒಂದು ಲೆಕ್ಕವು ಅವರ ಕೈಗೆ ಬರುವುದುಂಟು. ಹಿಂದೆ ಇವೆಲ್ಲವೂ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ ಇರುತ್ತಿದ್ದವು. ಈಗ ಬಹುಮಟ್ಟಿಗೆ ಗಣಕಯಂತ್ರದಲ್ಲಿಯೋ ಕೈಫೋನಿನಲ್ಲಿಯೋ ಇವೆ. ಪುಸ್ತಕವು ಹೇಗೆ ಕೆಡುವುದೆಂದು ಎಲ್ಲರೂ ಬಲ್ಲರು: ಗೆದ್ದಲು, ಮಳೆನೀರು, ಬೆಂಕಿ. ಗಣಕಯಂತ್ರದಲ್ಲಿರುವ ಕಡತವು ಹೇಗೆ ಕೆಡುವುದು, ಕೆಟ್ಟರೆ ಮಾಡತಕ್ಕದ್ದೇನು, ಕೆಡುವುದಕ್ಕೆ ಮುಂಚೆಯೇ ಮಾಡತಕ್ಕದ್ದೇನು ಎಂಬುದನ್ನು ಅನೇಕರು ಅರಿಯರು. ಆದಕಾರಣ ಈ ಪಾಠವನ್ನು ಬರೆದಿದೆ.

1. ಕಡತವೆಂದರೇನು?

ಪಾಠದ ಅನುಕೂಲಕ್ಕಾಗಿ ಇಪ್ಪತ್ತು ಮಂದಿ ಸದಸ್ಯೆಯರ ಒಂದು ಉಳಿತಾಯ ಸಂಘವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಪ್ರತಿಯೊಬ್ಬಳ ಹೆಸರು, ಅವಳು ಕಟ್ಟಿದ ಹಣ, ಪಡೆದ ಸಾಲ, ತೀರಿಸಿದ ಕಂತು, ಇವುಗಳನ್ನು ಸಾಲುಸಾಲಾಗಿ ಕೋಷ್ಟಕದಲ್ಲಿ ಬರೆದಿಟ್ಟರೆ ಅದು ಒಂದು ಸಣ್ಣ ದತ್ತಸಂಚಯವಾಗುವುದು. ಇದನ್ನೇ ಡೇಟಾಬೇಸ್ ಎಂದು ಕರೆಯುತ್ತಾರೆ. ಇಂಥ ಸಣ್ಣ ಸಂಚಯಗಳನ್ನು ಇಡುವುದಕ್ಕೆ ಬಳಕೆಯಲ್ಲಿರುವ ಸಾಧನಗಳಲ್ಲಿ ಎಸ್‌ಕ್ಯೂಲೈಟ್ ಎಂಬುದು ಬಹು ಪ್ರಸಿದ್ಧವಾದುದು. ರಿಚರ್ಡ್ ಹಿಪ್ ಎಂಬವರು ಅಮೆರಿಕೆಯಲ್ಲಿ 2000ನೆಯ ಇಸವಿಯಲ್ಲಿ ಇದನ್ನು ಹೊರತಂದರು. ನಮ್ಮ ಕೈಫೋನುಗಳಲ್ಲಿ ಹೆಸರುಗಳೂ ಸಂದೇಶಗಳೂ ಉಳಿದಿರುವುದು ಬಹುಪಾಲು ಇದರಿಂದಲೇ. ಇದರಲ್ಲಿ ಇಡೀ ಸಂಚಯವು ಒಂದೇ ಕಡತದೊಳಗೆ ಅಡಕವಾಗಿರುತ್ತದೆ.

ಆ ಕಡತದ ಒಳಗೂ ಪುಟಗಳುಂಟು. ಸಾಮಾನ್ಯವಾಗಿ ಒಂದೊಂದು ಪುಟದ ಅಳತೆ 4096 ಬೈಟುಗಳು. ಆದರೆ ನಮ್ಮ ಲೆಕ್ಕದ ಪುಸ್ತಕಕ್ಕೂ ಇದಕ್ಕೂ ಒಂದು ದೊಡ್ಡ ಭೇದವಿದೆ. ಪುಸ್ತಕದಲ್ಲಿ ಏಳನೆಯ ಹಾಳೆ ಹರಿದರೂ ಎಂಟನೆಯ ಹಾಳೆಯನ್ನು ಓದಬಹುದು. ಕಡತದಲ್ಲಾದರೋ ಒಂದು ಪುಟವು ಮುಂದಿನ ಪುಟಗಳೆಲ್ಲಿವೆಯೆಂದು ದಾರಿ ತೋರಿಸುತ್ತಿರುತ್ತದೆ. ದಾರಿ ತೋರಿಸುವ ಪುಟವೇ ಕೆಟ್ಟರೆ, ಅದರ ಆಚೆಗಿರುವ ಪುಟಗಳು ನೆಟ್ಟಗಿದ್ದರೂ ಅವುಗಳನ್ನು ತಲುಪುವ ಮಾರ್ಗವು ಕಡಿದುಹೋಗುತ್ತದೆ. ಅಲ್ಪ ಕೇಡಿನಿಂದ ಎಲ್ಲವೂ ಹೋದಂತೆ ಕಾಣುವುದು ಇದರಿಂದಲೇ. ಎಲ್ಲವೂ ಹೋದಂತೆ ಕಂಡರೂ ಬಹುಪಾಲು ಉಳಿದಿರಬಹುದೆಂಬ ಭರವಸೆಯೂ ಇದರಿಂದಲೇ.

2. ಕೇಡು ಬರುವ ಬಗೆ

ಬರೆಯುತ್ತಿರುವಾಗ ವಿದ್ಯುತ್ತು ಹೋಗುವುದು, ಪೆನ್‌ಡ್ರೈವನ್ನು ಹೇಳದೆ ಕೇಳದೆ ಕಿತ್ತುಕೊಳ್ಳುವುದು, ಡಿಸ್ಕು ಹಳೆಯದಾಗುವುದು, ಕಡತವು ತೆರೆದು ಉಪಯೋಗದಲ್ಲಿರುವಾಗಲೇ ಅದನ್ನು ನಕಲು ಮಾಡುವುದು, ಇವು ಮುಖ್ಯ ಕಾರಣಗಳು.

ವಿದ್ಯುತ್ತು ಹೋಗುವ ಅಪಾಯಕ್ಕೆ ಎಸ್‌ಕ್ಯೂಲೈಟನ್ನು ರಚಿಸಿದವರು ಒಂದು ಉಪಾಯವನ್ನು ಮಾಡಿದ್ದಾರೆ. ಅದನ್ನು ತಿಳಿಯಬೇಕಾದರೆ ನಮ್ಮ ಅಂಗಡಿಯವರ ಪದ್ಧತಿಯನ್ನು ನೆನೆಯಬೇಕು. ಅವರು ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಅದನ್ನು ಆಯಾ ಆಸಾಮಿಯ ಖಾತೆಗೆ ಏರಿಸುತ್ತಾರೆ. ಖಾತೆಯ ಪುಸ್ತಕವು ಕಳೆದುಹೋದರೂ ಕಿರ್ದಿಯಿದ್ದರೆ ಅದನ್ನು ಮತ್ತೆ ಬರೆಯಬಹುದು. ಎಸ್‌ಕ್ಯೂಲೈಟ್ ಕೂಡ ಒಂದು ಪುಟವನ್ನು ತಿದ್ದುವ ಮುಂಚೆ ಅದರ ಹಳೆಯ ರೂಪವನ್ನು ಜರ್ನಲ್ ಎಂಬ ಪಕ್ಕದ ಕಡತದಲ್ಲಿ ಬರೆದಿಟ್ಟು, ಆಮೇಲೆ ಮೂಲವನ್ನು ತಿದ್ದುತ್ತದೆ. ನಡುವೆ ವಿದ್ಯುತ್ತು ಹೋದರೆ, ಮುಂದೆ ತೆರೆದಾಗ ಆ ಪಕ್ಕದ ಕಡತವನ್ನು ಓದಿ ಹಳೆಯ ಸ್ಥಿತಿಯನ್ನು ಪುನಃ ಸ್ಥಾಪಿಸುತ್ತದೆ. ಇನ್ನೊಂದು ವಿಧಾನದಲ್ಲಿ ಹೊಸ ಬರಹವೇ ಮೊದಲು ವಾಲ್ ಎಂಬ ಪಕ್ಕದ ಕಡತಕ್ಕೆ ಹೋಗಿ, ಅನಂತರ ಮೂಲವನ್ನು ಸೇರುತ್ತದೆ. ಆದಕಾರಣ ಮೂಲದ ಪಕ್ಕದಲ್ಲಿ ಕಾಣುವ ಇಂಥ ಸಣ್ಣ ಕಡತವನ್ನು ಕಸವೆಂದು ಎಣಿಸಿ ಅಳಿಸಲೇಬಾರದು. ಅಳಿಸಿದವಳು ಕಿರ್ದಿಯನ್ನು ಒಲೆಗೆ ಹಾಕಿದಂತೆಯೇ ಸರಿ.

ಇನ್ನೊಂದು ಕೇಡು ಸದ್ದಿಲ್ಲದ್ದು. ಯಾರೂ ತೆರೆಯದ ಮೂಲೆಯ ಪುಟವೊಂದು ಕೆಟ್ಟಿರುತ್ತದೆ. ಇಡೀ ಲೆಕ್ಕವು ಎಂದಿನಂತೆ ನಡೆಯುತ್ತದೆ. ಆರು ತಿಂಗಳ ಮೇಲೆ ಆ ಪುಟವು ಬೇಕಾದಾಗ ಮಾತ್ರವೇ ಕೇಡು ಹೊರಬೀಳುತ್ತದೆ. ಇದನ್ನು ಮರೆಯದಿರಿ; ಪ್ರತಿಗಳ ವಿಚಾರದಲ್ಲಿ ಇದು ಮತ್ತೆ ಬರುವುದು.

3. ನಮ್ಮ ಸೀಮೆಯಲ್ಲಿ ನಡೆದ ಪ್ರತಿಯ ಕೆಲಸ

ಈ ಎಲ್ಲಾ ಕೇಡಿಗೂ ಮದ್ದು ಒಂದೇ, ಅದು ಪ್ರತಿ. ಆದರೆ ಒಳ್ಳೆಯ ಪ್ರತಿಯೆಂದರೆ ಹೇಗಿರಬೇಕು? ಇದಕ್ಕೆ ಉತ್ತರವನ್ನು ದೂರದ ದೇಶದಲ್ಲಿ ಹುಡುಕಬೇಕಾಗಿಲ್ಲ. ಗಣಕಯಂತ್ರವು ಹುಟ್ಟುವುದಕ್ಕೆ ಬಹಳ ಮುಂಚೆ ನಮ್ಮ ಈ ನಾಲ್ಕು ತಾಲೂಕುಗಳ ಹಳೆಯ ದಾಖಲೆಗಳಿಗೆ ಒಬ್ಬ ಮಹನೀಯರು ಪ್ರತಿ ಮಾಡಿಸಿದರು.

ನಮ್ಮ ಪೂರ್ವಿಕರ ದಾಖಲೆಗಳು ಕಲ್ಲಿನ ಮೇಲೂ ತಾಮ್ರದ ಮೇಲೂ ಇದ್ದವು. ನಂದಿಯ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ 806ನೆಯ ಇಸವಿಯ ಶಾಸನವೂ ಸುಮಾರು 810ರ ತಾಮ್ರಪಟಗಳೂ ಆ ದೇವಾಲಯದ ಪ್ರಾಚೀನತೆಗೆ ಸಾಕ್ಷಿಯಾಗಿವೆ. ತಾಮ್ರಪಟಗಳಿಗೆ ರಂಧ್ರ ಮಾಡಿ ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಿಂದ ಬೆಸೆಯುವುದು ಹಿಂದಿನವರ ಪದ್ಧತಿ. ಮುದ್ರೆಯನ್ನು ಒಡೆಯದೆ ಒಂದು ಪಟವನ್ನು ತೆಗೆಯುವುದಾಗಲಿ ಸೇರಿಸುವುದಾಗಲಿ ಸಾಧ್ಯವಿರಲಿಲ್ಲ. ದಾಖಲೆಯು ಇದ್ದರೆ ಸಾಲದು, ಅದು ಕೆಟ್ಟಿಲ್ಲವೆಂದು ಪರೀಕ್ಷಿಸುವ ಗುರುತೂ ಇರಬೇಕೆಂಬುದನ್ನು ಅವರು ಅರಿತಿದ್ದರು.

ಆದರೂ ಕಲ್ಲು ಚಿರವಲ್ಲ. ಮಳೆ ಬಿಸಿಲಿಗೆ ಅಕ್ಷರ ಸವೆಯುತ್ತದೆ. ಶಾಸನದ ಕಲ್ಲು ಚಪ್ಪಡಿಯಾಗಿ, ಪಾಯದ ಕಲ್ಲಾಗಿ ಕಾಣದೆ ಹೋಗುತ್ತದೆ. ಹೀಗಿರಲಾಗಿ, ಬಿ. ಲೂಯಿ ರೈಸ್ ಎಂಬವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸುವ ಕಾರ್ಯವನ್ನು ಕೈಕೊಂಡರು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಮಗನಾಗಿ ಇವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಇವರ ನೇತೃತ್ವದಲ್ಲಿ ಹನ್ನೆರಡು ಸಂಪುಟಗಳ ಎಪಿಗ್ರಾಫಿಯ ಕರ್ನಾಟಿಕ ಹೊರಬಂದಿತು. ಅದರಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಸೇರಿವೆ. ಹತ್ತನೆಯ ಸಂಪುಟವು ಅಂದಿನ ಕೋಲಾರ ಜಿಲ್ಲೆಯದು. 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದದ್ದು 2007ರಲ್ಲಾದ್ದರಿಂದ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲೂಕುಗಳ ಶಾಸನಗಳು ಆ ಸಂಪುಟದಲ್ಲಿಯೇ ತಾಲೂಕುವಾರು ಸಂಖ್ಯೆಯೊಡನೆ ನಿಂತಿವೆ.

ಶಾಸನದ ಪ್ರತಿಯನ್ನು ತೆಗೆಯುವ ಬಗೆ ಹೀಗೆ: ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು ಅಕ್ಷರಗಳ ಕುಳಿಯೊಳಕ್ಕೆ ಇಳಿಸಿ, ಮೇಲೆ ಮಸಿಯನ್ನು ಒತ್ತಿದರೆ, ಅಕ್ಷರಗಳು ಬಿಳಿದಾಗಿ ಉಳಿದು ಕಲ್ಲಿನ ರೂಪವು ಇದ್ದಂತೆಯೇ ಕಾಗದಕ್ಕೆ ಬರುವುದು. ಅನಂತರ ವಿದ್ವಾಂಸರು ಅದನ್ನು ಓದಿ ಪಾಠವನ್ನು ಬರೆಯುತ್ತಾರೆ. ರೈಸರ ಸಂಪುಟದಲ್ಲಿ ಪಾಠವು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಭಾಷಾಂತರದಲ್ಲಿ ಒಮ್ಮೆ ಅಚ್ಚಾಗಿದೆ.

ಇದರಿಂದ ನಾವು ಮೂರು ಸಂಗತಿಗಳನ್ನು ಕಲಿಯಬೇಕು. ಮೊದಲನೆಯದು, ಪ್ರತಿಯು ಮೂಲವಿದ್ದ ಸ್ಥಳದಲ್ಲಿಯೇ ಉಳಿಯಲಿಲ್ಲ. ಊರಿನ ಕಲ್ಲು ಪುಡಿಯಾದರೂ ಗ್ರಂಥಾಲಯದ ಪುಸ್ತಕವು ಉಳಿಯುವುದು. ಎರಡನೆಯದು, ಇದ್ದದ್ದನ್ನು ಇದ್ದಂತೆ ತೆಗೆದ ಅಚ್ಚೂ ಓದಿ ಬರೆದ ಪಾಠವೂ ಎರಡು ಬಗೆಯ ಪ್ರತಿಗಳು. ಓದಿದವರು ತಪ್ಪಿದರೆ ಅಚ್ಚನ್ನು ನೋಡಿ ತಿದ್ದಬಹುದು. ಅಚ್ಚು ಹರಿದರೆ ಪಾಠವು ಉಳಿದಿರುತ್ತದೆ. ಮೂರನೆಯದು, ಅಕ್ಷರ ಸವೆದ ಕಡೆ ಶಾಸನವನ್ನು ಅಚ್ಚು ಮಾಡುವವರು ಚುಕ್ಕಿಗಳನ್ನು ಹಾಕುತ್ತಾರೆ. ಕಾಣದ ಹೆಸರನ್ನು ಊಹಿಸಿ ಮೂಲವೆಂಬಂತೆ ತುಂಬುವುದಿಲ್ಲ. ಇಂದು ಆ ಸಂಪುಟಗಳ ಛಾಯಾಪ್ರತಿಗಳನ್ನು ಯಾರಾದರೂ ಅಂತರಜಾಲದಲ್ಲಿ ಓದಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಪ್ರಾಂತದ ಶಾಸನಗಳಿಗೆ ಯಂತ್ರದ ಮೂಲಕ ಉಬ್ಬುತಗ್ಗುಗಳ ಸಮೇತ ಪ್ರತಿಯನ್ನು ತೆಗೆಯಲಾರಂಭಿಸಿದರು. ಪ್ರತಿಯ ಕೆಲಸವು ಒಮ್ಮೆ ಮಾಡಿ ಬಿಡತಕ್ಕದ್ದಲ್ಲ; ಕಾಲಕಾಲಕ್ಕೆ ಹೊಸ ಸಾಧನದಿಂದ ಮತ್ತೆ ಮಾಡತಕ್ಕದ್ದು.

4. ಪ್ರತಿಯನ್ನು ಇಡುವ ಕ್ರಮ

ಇನ್ನು ನಮ್ಮ ಸಂಘದ ಲೆಕ್ಕಕ್ಕೆ ಬರೋಣ. ಬಲ್ಲವರು ಮೂರು-ಎರಡು-ಒಂದು ಎಂಬ ಸೂತ್ರವನ್ನು ಹೇಳುತ್ತಾರೆ. ಪೀಟರ್ ಕ್ರೋ ಎಂಬ ಛಾಯಾಚಿತ್ರಕಾರರು ಇದನ್ನು ಪ್ರಚಾರಕ್ಕೆ ತಂದರು. ಮೂಲವೂ ಸೇರಿ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದಾದರೂ ಬೇರೆ ಮನೆಯಲ್ಲಿರಬೇಕು. ಗಣಕಯಂತ್ರದಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಸಂಘದ ಅಧ್ಯಕ್ಷೆಯ ಮನೆಯಲ್ಲಿ ಇನ್ನೊಂದು ಎಂದರೆ ಸೂತ್ರವು ಪೂರ್ತಿಯಾಯಿತು. ಮೂರನ್ನೂ ಒಂದೇ ಬೀರುವಿನಲ್ಲಿಟ್ಟರೆ ಬೆಂಕಿಗೆ ಮೂರೂ ಒಂದೇ.

ಪ್ರತಿ ತೆಗೆಯುವಾಗ ಲೆಕ್ಕವನ್ನು ಮುಚ್ಚಿ ತೆಗೆಯಬೇಕು. ಮುಚ್ಚಲು ಆಗದಿದ್ದರೆ ಎಸ್‌ಕ್ಯೂಲೈಟಿನಲ್ಲಿಯೇ ಇರುವ ಬ್ಯಾಕಪ್ ಎಂಬ ಅಪ್ಪಣೆಯನ್ನು ಉಪಯೋಗಿಸಬೇಕು. ಅದು ಬರಹದ ನಡುವೆ ಸಿಕ್ಕಿಕೊಂಡ ಅರೆಬರೆ ಸ್ಥಿತಿಯನ್ನು ಪ್ರತಿಗೆ ತರುವುದಿಲ್ಲ.

ಪ್ರತಿಯ ಹೆಸರಿನಲ್ಲಿಯೇ ತಾರೀಖನ್ನು ಬರೆಯಬೇಕು. ಹೊಸದನ್ನು ಹಳೆಯದರ ಮೇಲೆಯೇ ಬರೆಯಬಾರದು. ಸದ್ದಿಲ್ಲದ ಕೇಡನ್ನು ಈಗ ಜ್ಞಾಪಿಸಿಕೊಳ್ಳಿ. ಸೋಮವಾರ ಪುಟವು ಕೆಟ್ಟು, ಮಂಗಳವಾರ ಆ ಕೆಟ್ಟ ಕಡತವನ್ನೇ ಒಳ್ಳೆಯ ಪ್ರತಿಯ ಮೇಲೆ ನಕಲು ಮಾಡಿದರೆ, ನಮ್ಮ ಕೈಯಾರೆ ಒಳ್ಳೆಯದನ್ನು ಅಳಿಸಿದಂತಾಯಿತು. ಅಂತರಜಾಲದಲ್ಲಿ ತಾನಾಗಿ ಕಡತವನ್ನು ಒಂದೇ ಸಮನಾಗಿ ಇಡುವ ಸೌಕರ್ಯವನ್ನೇ ನಂಬಿದವರಿಗೂ ಇದೇ ಗತಿಯಾಗಬಹುದು. ಇಲ್ಲಿ ಕೆಟ್ಟದ್ದು ಕ್ಷಣಮಾತ್ರದಲ್ಲಿ ಅಲ್ಲಿಗೂ ಹೋಗುವುದು. ಆದಕಾರಣ ಕಳೆದ ಏಳು ದಿನಗಳದು, ಕಳೆದ ನಾಲ್ಕು ವಾರಗಳದು, ಕಳೆದ ಹನ್ನೆರಡು ತಿಂಗಳುಗಳದು ಎಂದು ಬೇರೆ ಬೇರೆ ಪ್ರತಿಗಳನ್ನು ಇಡುವುದು ಕ್ಷೇಮ. ಸಣ್ಣ ಸಂಘದ ಲೆಕ್ಕವು ಒಂದು ಛಾಯಾಚಿತ್ರದಷ್ಟು ಜಾಗವನ್ನೂ ತುಂಬದು.

ರೈಸರ ಅಚ್ಚೂ ಪಾಠವೂ ಎರಡಿದ್ದಂತೆ, ನಮ್ಮಲ್ಲಿಯೂ ಕಡತದ ಪ್ರತಿಯಲ್ಲದೆ, ಎಲ್ಲಾ ಸಾಲುಗಳನ್ನು ಸಾದಾ ಅಕ್ಷರದಲ್ಲಿ ಬರೆಯಿಸಿದ ಪಟ್ಟಿಯೊಂದು ಇರಬೇಕು. ತಿಂಗಳಿಗೊಮ್ಮೆ ಅದನ್ನು ಕಾಗದದ ಮೇಲೆ ಅಚ್ಚು ಮಾಡಿಸಿ ಸದಸ್ಯೆಯರ ರುಜು ಹಾಕಿಸಿದರೆ, ಯಾವ ಯಂತ್ರವೂ ಇಲ್ಲದೆ ಓದಬಹುದಾದ ಪ್ರತಿಯಾಯಿತು.

5. ಪ್ರತಿಯನ್ನು ಓದಿ ನೋಡಬೇಕು

ಪ್ರತಿಯಿದೆಯೆಂಬ ನಂಬಿಕೆಯೇ ಬೇರೆ, ಪ್ರತಿಯಿರುವುದೇ ಬೇರೆ. 1998ರಲ್ಲಿ ಅಮೆರಿಕೆಯ ಪಿಕ್ಸಾರ್ ಎಂಬ ಚಿತ್ರಸಂಸ್ಥೆಯಲ್ಲಿ ಟಾಯ್ ಸ್ಟೋರಿ 2 ಎಂಬ ಚಲನಚಿತ್ರವು ತಯಾರಾಗುತ್ತಿದ್ದಾಗ, ತಪ್ಪಾಗಿ ಕೊಟ್ಟ ಒಂದು ಅಪ್ಪಣೆಯಿಂದ ಅದರ ಕಡತಗಳಲ್ಲಿ ಬಹುಭಾಗವು ಅಳಿಸಿಹೋಯಿತು. ಬ್ಯಾಕಪ್ ಇದೆಯೆಂದು ನೋಡಿದರೆ, ಅದು ಕೆಲವು ಕಾಲದಿಂದ ಸರಿಯಾಗಿ ನಡೆಯುತ್ತಲೇ ಇರಲಿಲ್ಲ, ಯಾರೂ ಪರೀಕ್ಷಿಸಿರಲಿಲ್ಲ. ಆಗ ಗೇಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಗೆ ಒಂದು ಸಂಗತಿಯು ನೆನಪಾಯಿತು. ಆಕೆಗೆ ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡಲು ಚಿತ್ರದ ಪ್ರತಿಯನ್ನು ಮನೆಯ ಗಣಕಯಂತ್ರದಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಕೂಸನ್ನು ಕರೆತರುವಂತೆ ಕಾರಿನಲ್ಲಿ ತಂದರು. ಚಿತ್ರವು 1999ರಲ್ಲಿ ಬಿಡುಗಡೆಯಾಯಿತು. ಅವರನ್ನು ಉಳಿಸಿದ್ದು ಬೇರೆ ಮನೆಯಲ್ಲಿದ್ದ ಒಂದು ಪ್ರತಿ.

ಆದಕಾರಣ ತಿಂಗಳಿಗೊಮ್ಮೆ ಒಂದು ಹಳೆಯ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ನಾಲ್ಕು ಹೆಸರುಗಳ ಬಾಕಿಯನ್ನು ಕಾಗದದ ಪಟ್ಟಿಯೊಡನೆ ತಾಳೆನೋಡಬೇಕು. ಎಸ್‌ಕ್ಯೂಲೈಟಿನಲ್ಲಿ ಇಂಟೆಗ್ರಿಟಿ ಚೆಕ್ ಎಂಬ ಅಪ್ಪಣೆಯುಂಟು. ಅದು ಪುಟಪುಟವನ್ನೂ ಪರೀಕ್ಷಿಸಿ, ಕಟ್ಟೋಣವು ಸರಿಯಿದ್ದರೆ ‘ಓಕೆ’ ಎಂಬ ಒಂದೇ ಮಾತನ್ನು ಹೇಳುತ್ತದೆ, ಇಲ್ಲದಿದ್ದರೆ ದೋಷಗಳನ್ನು ಎಣಿಸುತ್ತದೆ. ತಾಮ್ರಪಟದ ಬಳೆಯ ಮುದ್ರೆಯು ಒಡೆದಿಲ್ಲವೆಂದು ನೋಡುವುದಕ್ಕೆ ಇದು ಸಮಾನ. ಆದರೆ ಐನೂರರ ಬದಲು ಐವತ್ತನ್ನು ಬರೆದಿದ್ದರೆ ಅದನ್ನು ಈ ಅಪ್ಪಣೆಯು ಕಂಡುಹಿಡಿಯದು. ಅದಕ್ಕೆ ಮನುಷ್ಯರ ಕಣ್ಣೇ ಬೇಕು.

6. ಕೆಟ್ಟ ಮೇಲೆ ಮಾಡತಕ್ಕದ್ದು

ಬುಧವಾರ ಮಧ್ಯಾಹ್ನ ನಮ್ಮ ಕಲ್ಪಿತ ಸಂಘದ ಕಡತವು ತೆರೆಯಲಿಲ್ಲವೆಂದು ಇಟ್ಟುಕೊಳ್ಳೋಣ. ಲೆಕ್ಕ ಬರೆಯುವವಳು ಗಾಬರಿಯಾಗದೆ ಈ ಕ್ರಮವನ್ನು ಅನುಸರಿಸಬೇಕು.

ಒಂದು: ಕೈ ಬಿಡಬೇಕು. ಕೆಟ್ಟ ಕಡತದಲ್ಲಿ ಹೊಸದಾಗಿ ಏನನ್ನೂ ಬರೆಯಬಾರದು.

ಎರಡು: ಕೆಟ್ಟದ್ದನ್ನೇ, ಪಕ್ಕದ ಸಣ್ಣ ಕಡತದ ಸಮೇತ, ಮೊದಲು ನಕಲು ಮಾಡಿಟ್ಟು, ಮುಂದಿನ ಪ್ರಯತ್ನಗಳನ್ನೆಲ್ಲಾ ನಕಲಿನ ಮೇಲೆ ನಡೆಸಬೇಕು. ಮೊದಲ ಚಿಕಿತ್ಸೆಯು ಕೆಟ್ಟರೆ ಎರಡನೆಯದಕ್ಕೆ ಅವಕಾಶವಿರಬೇಕು.

ಮೂರು: ಪರೀಕ್ಷಿಸಬೇಕು. ಸೂಚಿಯು ಮಾತ್ರ ಕೆಟ್ಟಿದ್ದರೆ, ಅಂದರೆ ಬೇಗ ಹುಡುಕಲು ಇಟ್ಟ ಅನುಕ್ರಮಣಿಕೆಯು ಮಾತ್ರ ಕೆಟ್ಟಿದ್ದರೆ, ಅದನ್ನು ಹೊಸದಾಗಿ ಕಟ್ಟಿಸಬಹುದು.

ನಾಲ್ಕು: ಸಾಲುಗಳೇ ಕೆಟ್ಟಿದ್ದರೆ, ಒಳ್ಳೆಯದೆಂದು ಪರೀಕ್ಷೆಯಲ್ಲಿ ತೇರಿದ ಕಡೆಯ ಪ್ರತಿಯನ್ನು ಎತ್ತಿಕೊಂಡು, ಅನಂತರದ ವ್ಯವಹಾರವನ್ನು ರಸೀತಿಗಳಿಂದ ಸೇರಿಸಬೇಕು. ಪ್ರತಿಯೇ ಇಲ್ಲದಿದ್ದರೆ ರಿಕವರ್ ಎಂಬ ಅಪ್ಪಣೆಯಿದೆ. ಅದು ದಾರಿ ತಪ್ಪಿದ ಪುಟಗಳನ್ನೂ ಹುಡುಕಿ, ಓದಲಾದ ಸಾಲುಗಳನ್ನೆಲ್ಲಾ ಹೊಸ ಕಡತಕ್ಕೆ ಬರೆಯಲು ಕೊಡುತ್ತದೆ. ಆದರೆ ಎಂದೋ ಅಳಿಸಿದ ಸಾಲುಗಳೂ ಅದರಲ್ಲಿ ಎದ್ದುಬರಬಹುದು. ಆದ್ದರಿಂದ ಅದು ಕೊಟ್ಟದ್ದನ್ನು ಸಾಕ್ಷಿಯಿಲ್ಲದೆ ನಂಬಬಾರದು.

ಐದು: ತಾಳೆ ನೋಡಬೇಕು. ಇದೇ ಮುಖ್ಯ, ಲೆಕ್ಕವನ್ನು ಮಾಡಿಯೇ ನೋಡೋಣ. ಶನಿವಾರದ ಒಳ್ಳೆಯ ಪ್ರತಿಯಲ್ಲಿ ಸಂಘದ ಹಣವು 38,400 ರೂಪಾಯಿ ಇತ್ತು. ಅನಂತರದ ರಸೀತಿಗಳಲ್ಲಿ ಹನ್ನೆರಡು ಮಂದಿಯ ಉಳಿತಾಯ ತಲಾ 100ರಂತೆ 1,200. ಇಬ್ಬರ ಸಾಲದ ಕಂತು ತಲಾ 500ರಂತೆ 1,000. ಒಬ್ಬಳಿಗೆ ಕೊಟ್ಟ ಸಾಲ 5,000. ಕೂಡಿ ಕಳೆದರೆ 35,600 ರೂಪಾಯಿ ಇರಬೇಕು. ಪೆಟ್ಟಿಗೆಯನ್ನೂ ಬ್ಯಾಂಕಿನ ಪುಸ್ತಕವನ್ನೂ ನೋಡಿದರೆ 36,100 ಇದೆ. 500 ಹೆಚ್ಚು!

ಹಣ ಹೆಚ್ಚಿದೆಯಲ್ಲಾ, ನಷ್ಟವೇನು, ಎಂದು ಸುಮ್ಮನಾಗಬಹುದೇ? ಆಗಬಾರದು. ಸದಸ್ಯೆಯರ ಕೈಪುಸ್ತಕಗಳನ್ನೆಲ್ಲಾ ತರಿಸಿ ನೋಡಿದರೆ, ಒಬ್ಬಳ ಪುಸ್ತಕದಲ್ಲಿ ಮಂಗಳವಾರ 500 ರೂಪಾಯಿಯ ಕಂತು ಬರೆದಿದೆ. ರಸೀತಿ ಹರಿಯಲು ಮಾತ್ರ ಮರೆತಿದೆ. ಲೆಕ್ಕದವಳು ತಾಳೆ ನೋಡದಿದ್ದರೆ, ಅಥವಾ ಆ ಐನೂರನ್ನು ಇತರೆ ಆದಾಯವೆಂದು ಬರೆದು ಮುಚ್ಚಿದ್ದರೆ, ಸಂಘಕ್ಕೆ ಕೊರತೆಯಿರುತ್ತಿರಲಿಲ್ಲ. ಆದರೆ ಕೂಲಿಯಲ್ಲಿ ಉಳಿಸಿ ಕಂತು ತೀರಿಸಿದ ಆ ಹೆಂಗಸು ತೀರಿಸಿಲ್ಲವೆಂದು ಲೆಕ್ಕದಲ್ಲಿ ನಿಲ್ಲುತ್ತಿತ್ತು. ಅವಳು ಎರಡನೆಯ ಸಲ ಹಣವನ್ನು ಕಟ್ಟಬೇಕಾಗುತ್ತಿತ್ತು, ಇಲ್ಲವೇ ಸುಳ್ಳುಗಾರ್ತಿ ಎನ್ನಿಸಿಕೊಳ್ಳಬೇಕಾಗುತ್ತಿತ್ತು. ಸಾಕ್ಷಿ ಸಿಕ್ಕದ ಮೊತ್ತವಿದ್ದರೆ, ಶಾಸನದವರು ಚುಕ್ಕಿಯಿಟ್ಟಂತೆ, ಅದನ್ನು ‘ತಿಳಿಯಬೇಕಾದದ್ದು’ ಎಂದು ಬರೆದು ಸಭೆಯ ಮುಂದೆ ಇಡಬೇಕು. ಊಹೆಯಿಂದ ತುಂಬಬಾರದು.

7. ಮುಕ್ತಾಯ

ಲೆಕ್ಕದ ಒಂದು ಸಾಲು ಯಂತ್ರಕ್ಕೆ ಕೆಲವು ಅಕ್ಷರಗಳು ಮಾತ್ರ. ಆದರೆ ಆ ಸಾಲಿನ ಹಿಂದೆ ಒಬ್ಬಳ ಬೆವರೂ ಮರ್ಯಾದೆಯೂ ಇವೆ. ದೊಡ್ಡವರಿಗೆ ದಾಖಲೆಗಳು ಹತ್ತು ಕಡೆ ಇರುತ್ತವೆ. ಬಡವರಿಗೆ ಇರುವುದು ಬಹುಶಃ ನಾವು ಬರೆದ ಆ ಒಂದೇ ಸಾಲು. ಪ್ರತಿಯನ್ನು ಇಡುವುದು, ಬೇರೆಡೆಯಲ್ಲಿಡುವುದು, ಓದಿ ನೋಡುವುದು, ಇವು ಯಂತ್ರ ಬಲ್ಲವರ ಜಾಣತನವೆಂದು ಎಣಿಸದೆ, ನಂಬಿ ಹೆಸರು ಬರೆಯಿಸಿದವರಿಗೆ ಸಲ್ಲಿಸಬೇಕಾದ ಋಣವೆಂದು ಎಣಿಸಿರಿ. ಈ ಪುಸ್ತಕವನ್ನು ಮುಚ್ಚಿದ ದಿನವೇ ನಿಮ್ಮ ಲೆಕ್ಕದ ಒಂದು ಪ್ರತಿಯನ್ನು ತೆಗೆದು ಬೇರೊಂದು ಮನೆಗೆ ಕಳುಹಿಸಿದರೆ ಈ ಪಾಠವು ಸಾರ್ಥಕವಾಗುವುದು.

ಅಭ್ಯಾಸದ ಪ್ರಶ್ನೆಗಳು

1. ಪುಸ್ತಕದ ಒಂದು ಹಾಳೆ ಕೆಡುವುದಕ್ಕೂ ಕಡತದ ಒಂದು ಪುಟ ಕೆಡುವುದಕ್ಕೂ ಇರುವ ಭೇದವೇನು?

2. ಕಿರ್ದಿಗೂ ಜರ್ನಲ್ ಕಡತಕ್ಕೂ ಇರುವ ಹೋಲಿಕೆಯನ್ನು ತಿಳಿಸಿರಿ.

3. ಹೊಸ ಪ್ರತಿಯನ್ನು ಹಳೆಯ ಪ್ರತಿಯ ಮೇಲೆಯೇ ಬರೆದರೆ ಅಪಾಯವೇನು?

4. ಶಾಸನದ ಅಚ್ಚು ಮತ್ತು ಅಚ್ಚಾದ ಪಾಠ ಇವೆರಡೂ ಏಕೆ ಬೇಕು? ನಿಮ್ಮ ಲೆಕ್ಕದಲ್ಲಿ ಇವುಗಳಿಗೆ ಸಮಾನವಾದುವು ಯಾವುವು?

5. ಮೇಲಿನ ಉದಾಹರಣೆಯಲ್ಲಿ ಪೆಟ್ಟಿಗೆಯೂ ಬ್ಯಾಂಕಿನ ಪುಸ್ತಕವೂ ಸೇರಿ 35,100 ರೂಪಾಯಿ ಮಾತ್ರ ಇದ್ದಿದ್ದರೆ, ನೀವು ಯಾವ ಯಾವ ಕಾಗದಗಳನ್ನು, ಯಾವ ಕ್ರಮದಲ್ಲಿ ನೋಡುತ್ತಿದ್ದಿರಿ?